ನಿಲ್ಲುವುದನ್ನೂ ಕಲಿಯಿರಿ

ಮಕ್ಕಳೇ,

ಕೊಚ್ಚಿಯ ಇನ್ಫೋಪಾರ್ಕಿನಲ್ಲೋ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ನಸುಕಿಗೇ ಬೈಕ್ ಹೊರಡಿಸಿ ವಾಗಮಣ್ ಕಡೆಗೋ ಪೊನ್ಮುಡಿ ಕಡೆಗೋ ಮಣ್ಣಿನ ದಾರಿ ಹುಡುಕಿಕೊಂಡು ಹೋಗುವವರು ನೀವು. ನಿಮ್ಮಲ್ಲಿ ಎಷ್ಟೋ ಮಂದಿ ಶಿವಮೊಗ್ಗ, ಹಾಸನ, ಪುತ್ತೂರು, ಕಾಸರಗೋಡು ಕಡೆಯವರು. ಮೈಸೂರಿನ ಕಾರ್ಖಾನೆಯಲ್ಲಿ ಯೆಜ್ಡಿ ತಯಾರಾಗುತ್ತಿದ್ದ ಕಾಲದಲ್ಲಿ ಬೈಕ್ ಹತ್ತಿದವನು ನಾನು. ನಿಮ್ಮ ಹುಚ್ಚು ಏನೆಂದು ಬಲ್ಲೆ, ಅದನ್ನು ಬಿಡಿ ಎನ್ನಲು ಇದನ್ನು ಬರೆಯುತ್ತಿಲ್ಲ. ಬಳಗದಲ್ಲಿ ಒಬ್ಬ ಬಿದ್ದು ಮತ್ತೆ ಏಳದೇ ಹೋದಾಗ ಉಳಿದವರು ಏನು ಮಾಡಬೇಕು ಎಂಬುದನ್ನು ನಿಮಗೆ ಯಾರೂ ಕಲಿಸಿಕೊಟ್ಟಂತೆ ಕಾಣುವುದಿಲ್ಲ. ಆ ಮಾತನ್ನಷ್ಟು ಆಡಬೇಕಿದೆ.

2020ರ ಜನವರಿ 12, ಸೌದಿ ಅರೇಬಿಯಾದ ಮರುಭೂಮಿ. ಡಕಾರ್ ರ್‍ಯಾಲಿಯ ಏಳನೇ ಹಂತ, ರಿಯಾದ್‌ನಿಂದ ವಾದಿ ಅಲ್ ದವಾಸಿರ್ ಕಡೆಗೆ. ಪೋರ್ಚುಗಲ್ಲಿನ ಪಾವ್ಲೋ ಗೊನ್ಸಾಲ್ವೆಸ್ 276ನೇ ಕಿಲೋಮೀಟರಿನಲ್ಲಿ ಬಿದ್ದರು. ವಯಸ್ಸು 40. 2013ರ ಕ್ರಾಸ್‌ಕಂಟ್ರಿ ರ್‍ಯಾಲಿ ವಿಶ್ವ ಚಾಂಪಿಯನ್, 2015ರ ಡಕಾರ್‌ನಲ್ಲಿ ಎರಡನೇ ಸ್ಥಾನ, ಇದು ಅವರ 13ನೇ ಡಕಾರ್. ಆಗ ಅವರು ಓಡಿಸುತ್ತಿದ್ದುದು ನಮ್ಮ ದೇಶದ ಹೀರೋ ತಂಡಕ್ಕಾಗಿ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ತಂಡದ ಜೊತೆಗಾರನಾಗಿ. ಅದೇ ರ್‍ಯಾಲಿಯಲ್ಲಿ ಕೇರಳದ ಶೊರನೂರಿನ ಹರಿತ್ ನೋವಾ ತಮ್ಮ ಮೊದಲ ಡಕಾರ್ ಓಡಿಸುತ್ತಿದ್ದರು. ಹಾಗಾಗಿ ಈ ಸಾವನ್ನು ದೂರದ ಯಾರದೋ ಸುದ್ದಿ ಎಂದು ನನಗೆ ಅಂದುಕೊಳ್ಳಲಾಗಲಿಲ್ಲ. ನಮ್ಮವರ ತಂಡದ ಡೇರೆಯಲ್ಲಿ ಆ ರಾತ್ರಿ ಒಂದು ಹಾಸಿಗೆ ಖಾಲಿಯಾಗಿತ್ತು.

ಐದು ದಿನ ಮೊದಲೇ ಅವರ ಗೆಲುವಿನ ಆಸೆ ಮುಗಿದಿತ್ತು. ಮೂರನೇ ಹಂತದಲ್ಲಿ ಎಂಜಿನ್ ಕೈಕೊಟ್ಟು, ಮರುಭೂಮಿಯ ನಡುವೆ ತಂಡದ ಲಾರಿಗಾಗಿ ಗಂಟೆಗಟ್ಟಲೆ ಕಾದು, ಹೊಸ ಎಂಜಿನ್ ಕೂರಿಸಿ ಹಂತ ಮುಗಿಸಿದ ಮನುಷ್ಯ. ಗೆಲ್ಲಲಾಗದು ಎಂದು ಗೊತ್ತಿದ್ದೂ ಮುಂದುವರಿದಿದ್ದರು.

ಅವರು ಬಿದ್ದ ಸುದ್ದಿಯ ಕರೆ ಸಂಘಟಕರಿಗೆ ತಲುಪಿದ್ದು ಬೆಳಿಗ್ಗೆ 10 ಗಂಟೆ 8 ನಿಮಿಷಕ್ಕೆ. ವೈದ್ಯರಿದ್ದ ಹೆಲಿಕಾಪ್ಟರ್ ಅಲ್ಲಿ ಇಳಿದಿದ್ದು 10 ಗಂಟೆ 16 ನಿಮಿಷಕ್ಕೆ. ಹೃದಯ ಆಗಲೇ ನಿಂತಿತ್ತು. ಲೈಲಾ ಎಂಬ ಊರಿನ ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಎಂಟೇ ನಿಮಿಷದಲ್ಲಿ ಹೆಲಿಕಾಪ್ಟರ್! ಪ್ರತಿ ಬೈಕಿನಲ್ಲೂ ಉಪಗ್ರಹಕ್ಕೆ ಜೋಡಿಸಿದ ಯಂತ್ರ, ಆಕಾಶದಲ್ಲಿ ಕಾವಲು, ಸಿದ್ಧವಾಗಿ ಕಾದ ವೈದ್ಯರು. ಅಷ್ಟೆಲ್ಲ ಇದ್ದೂ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಈ ಎಂಟು ನಿಮಿಷವನ್ನು ನೀವು ಮರೆಯಬಾರದು, ಮುಂದೆ ಅದರ ಮಾತು ಮತ್ತೆ ಬರುತ್ತದೆ.

ಹೆಲಿಕಾಪ್ಟರ್‌ಗೂ ಮೊದಲು ಅವರ ಬಳಿ ನಿಂತವರು ಎದುರಾಳಿಗಳು. ಆಸ್ಟ್ರೇಲಿಯಾದ ಟೋಬಿ ಪ್ರೈಸ್ ಹಿಂದಿನ ವರ್ಷದ ಡಕಾರ್ ವಿಜೇತ, ಆ ವರ್ಷವೂ ಗೆಲುವಿನ ಓಟದಲ್ಲಿದ್ದವರು. ಗೊನ್ಸಾಲ್ವೆಸ್ ಬಿದ್ದಿರುವುದು ಕಂಡೊಡನೆ ಬೈಕ್ ನಿಲ್ಲಿಸಿದರು. ಸ್ಲೊವಾಕಿಯಾದ ಸ್ಟೆಫಾನ್ ಸ್ವಿಟ್ಕೊ ಕೂಡ ನಿಂತರು. ಗಡಿಯಾರ ಓಡುತ್ತಲೇ ಇತ್ತು. ಪ್ರೈಸ್ ಕದಲಲಿಲ್ಲ, ಗೆಳೆಯನನ್ನು ಹೆಲಿಕಾಪ್ಟರಿಗೆ ಏರಿಸಿದ ಮೇಲೆಯೇ ಮುಂದೆ ಹೊರಟದ್ದು.

ಇನ್ನು ಗೊನ್ಸಾಲ್ವೆಸ್ ಬಗ್ಗೆ ಒಂದು ಮಾತು. 2016ರ ಡಕಾರ್‌ನಲ್ಲಿ ಅವರೇ ಮುಂಚೂಣಿಯಲ್ಲಿದ್ದರು. ದಾರಿಯಲ್ಲಿ ಆಸ್ಟ್ರಿಯಾದ ಮಥಿಯಾಸ್ ವಾಲ್ಕ್ನರ್ ತೀವ್ರವಾಗಿ ಗಾಯಗೊಂಡು ಬಿದ್ದಿದ್ದರು. ಗೊನ್ಸಾಲ್ವೆಸ್ ನಿಂತರು, ನೆರವು ಬರುವತನಕ ಪಕ್ಕದಲ್ಲೇ ಇದ್ದರು. ಅವರು ಕಳೆದುಕೊಂಡ ಸಮಯವನ್ನು ಸಂಘಟಕರು ಆಮೇಲೆ ಮರಳಿ ಲೆಕ್ಕಕ್ಕೆ ಹಿಡಿದರು ನಿಜ, ಆದರೆ ನಿಲ್ಲುವಾಗ ಮನುಷ್ಯ ಆ ಲೆಕ್ಕ ಹಾಕಿರುವುದಿಲ್ಲ. ವಾಲ್ಕ್ನರ್ ಗುಣವಾಗಿ ಬಂದು 2018ರಲ್ಲಿ ಡಕಾರ್ ಗೆದ್ದರು. ನಮ್ಮ ನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ತುರು ಕದ್ದೊಯ್ದ ಕಳ್ಳರ ಬೆನ್ನುಹತ್ತಿ ಹೋಗಿ ಮಡಿದವನಿಗೆ, ಊರು ಕಾಯಲು ನಿಂತು ಮಡಿದವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ವೇಗವಾಗಿ ಹೋದನೆಂದು ಯಾರಿಗೂ ನಿಲ್ಲಿಸಲಿಲ್ಲ. ಗೊನ್ಸಾಲ್ವೆಸ್ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಅವರು ಓಡಿಸಿದ ದೂರಕ್ಕಿಂತ 2016ರಲ್ಲಿ ನಿಂತ ಆ ಹೊತ್ತು.

ಅವರು ತೀರಿಕೊಂಡ ಮರುದಿನ ಸಂಘಟಕರು ಬೈಕ್ ಮತ್ತು ಕ್ವಾಡ್ ಸವಾರರ ಎಂಟನೇ ಹಂತವನ್ನು ರದ್ದು ಮಾಡಿದರು. ಹೀರೋ ತಂಡ ಆ ವರ್ಷದ ರ್‍ಯಾಲಿಯಿಂದಲೇ ಹಿಂದೆ ಸರಿಯಿತು. ಎಷ್ಟು ದುಡ್ಡು, ಎಷ್ಟು ತಿಂಗಳ ತಯಾರಿ, ಎಷ್ಟು ಜನರ ಕನಸು ಇತ್ತೋ, ಎಲ್ಲವನ್ನೂ ಬದಿಗಿಟ್ಟು ನಿಂತುಬಿಟ್ಟರು.

ನಿಮ್ಮ ಬಳಗಗಳಲ್ಲಿ ಏನಾಗುತ್ತದೆ? ಹುಡುಗನೊಬ್ಬ ಹೋದ ದಿನ ಎಲ್ಲರ ಸ್ಟೇಟಸ್‌ನಲ್ಲೂ ಅವನ ಫೋಟೋ. 'ರೈಡ್ ಇನ್ ಪೀಸ್ ಬ್ರೋ.' ಮುಂದಿನ ಭಾನುವಾರ ಅವನ ನೆನಪಿಗೆ ಐವತ್ತು ಬೈಕಿನ ಮೆರವಣಿಗೆ, ಹಾರ್ನ್, ಎಂಜಿನ್ ಮೊರೆತ. ಅದರ ಮುಂದಿನ ಭಾನುವಾರ ಅದೇ ಗುಡ್ಡ, ಅದೇ ಇಳಿಜಾರು, ಅದೇ ಅವಸರ. ನಿಮ್ಮ ದುಃಖ ಸುಳ್ಳೆಂದು ನಾನು ಹೇಳುತ್ತಿಲ್ಲ. ಹೆಗಲಿಗೆ ಹೆಗಲು ಕೊಟ್ಟು ಅಳುವ ಹುಡುಗರನ್ನು ಕಂಡಿದ್ದೇನೆ. ಆದರೆ ಆ ದುಃಖಕ್ಕೆ ನೀವು ಯಾವ ಕೆಲಸವನ್ನೂ ಒಪ್ಪಿಸುತ್ತಿಲ್ಲ.

'ಅವನು ಇಷ್ಟಪಟ್ಟಿದ್ದನ್ನು ಮಾಡುತ್ತಲೇ ಹೋದ' ಎಂಬ ಮಾತಂತೂ ನನಗೆ ಸಹಿಸದು. ಈ ಮಾತು ಹೇಳುವವರಿಗೆ ಸಮಾಧಾನ, ಕೇಳುವ ತಾಯಿಗೆ ಅಲ್ಲ. ಅವನಿಗೆ ಬೈಕ್ ಇಷ್ಟವಿತ್ತು, ಸಾಯುವುದು ಇಷ್ಟವಿರಲಿಲ್ಲ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ, ಊಟ ಮಾಡಿ, ಸೋಮವಾರ ಆಫೀಸಿನಲ್ಲಿ ಫೋಟೋ ತೋರಿಸಿ ಜಂಬ ಕೊಚ್ಚುವುದೂ ಅವನು ಇಷ್ಟಪಟ್ಟಿದ್ದರಲ್ಲಿ ಸೇರಿತ್ತು. ದಯವಿಟ್ಟು ಆ ಮಾತನ್ನು ಅವನ ಮನೆಯ ಅಂಗಳದಲ್ಲಿ ಆಡಬೇಡಿ.

ಈಗ ಎಂಟು ನಿಮಿಷದ ಲೆಕ್ಕಕ್ಕೆ ಬರೋಣ. ಇಡುಕ್ಕಿಯ ಚಹಾ ತೋಟಗಳ ನಡುವಿನ ಜೀಪಿನ ದಾರಿಯಲ್ಲಿ, ಮಳೆ ಹನಿಯುವಾಗ, ಮೊಬೈಲಿಗೆ ಸಿಗ್ನಲ್ ಇಲ್ಲದ ಕಡೆ ನಿಮ್ಮಲ್ಲಿ ಒಬ್ಬ ಬಿದ್ದರೆ ಹೆಲಿಕಾಪ್ಟರ್ ಬರುವುದಿಲ್ಲ. ಕೇರಳದಲ್ಲಿ 'ಕನಿವ್' ಹೆಸರಿನ 108 ಆಂಬ್ಯುಲೆನ್ಸ್‌ಗಳಿವೆ, ಒಳ್ಳೆಯ ಸೇವೆ. ಆದರೆ ಅದು ಟಾರು ರಸ್ತೆಯ ತುದಿಯವರೆಗೆ ಬಂದೀತು. ಅಲ್ಲಿಂದ ಮೇಲಿನದೆಲ್ಲ ನಿಮ್ಮ ಪಾಲು. ಡಕಾರ್‌ನ ಹೆಲಿಕಾಪ್ಟರ್ ಮಾಡುವ ಕೆಲಸವನ್ನು ಅಲ್ಲಿ ಮಾಡಬೇಕಾದವನು ನಿಮ್ಮ ಹಿಂದಿನ ಬೈಕಿನ ಹುಡುಗ. ಅವನಿಗೆ ಏನು ಗೊತ್ತು?

ಕೇಳಿನೋಡಿ. ನಾಲ್ಕು ಲಕ್ಷದ ಬೈಕ್ ಇರುವವನಿಗೆ ಎದೆ ಒತ್ತಿ ಉಸಿರು ಮರಳಿಸುವುದು ಹೇಗೆಂದು ಗೊತ್ತಿರುವುದಿಲ್ಲ. ಕಲಿಯಲು ಒಂದು ದಿನ ಸಾಕು. ಬಿದ್ದವನ ಕತ್ತು ತಿರುಗದಂತೆ ಒಬ್ಬ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು. ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆದು ತೆಗೆಯಲು ಹೋಗಬಾರದು, ಕುಡಿಯಲು ನೀರು ಸುರಿಯಬಾರದು, ಎತ್ತಿ ಕೂರಿಸಬಾರದು. ರಕ್ತ ಹರಿಯುವ ಜಾಗವನ್ನು ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಬೇಕು, ಮತ್ತೆ ಮತ್ತೆ ತೆಗೆದು ನೋಡಬಾರದು. ಉಸಿರೇ ಇಲ್ಲವೆಂದಾದರೆ ಒಬ್ಬ ಕತ್ತು ಹಿಡಿದು ಇನ್ನೊಬ್ಬ ಜೋಪಾನವಾಗಿ ಹೆಲ್ಮೆಟ್ ತೆಗೆಯಬೇಕು. ಎದೆಯ ನಡುವೆ ಅಂಗೈಯ ಬುಡ ಊರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಕೈ ಸೋತರೆ ಮತ್ತೊಬ್ಬ ಮುಂದುವರಿಸಬೇಕು. ಓದಿಕೊಂಡರೆ ಇದು ಬರುವುದಿಲ್ಲ, ತರಬೇತಿಯ ಗೊಂಬೆಯ ಮೇಲೆ ಕೈಯಾರೆ ಮಾಡಿಯೇ ಕಲಿಯಬೇಕು. ಪೊಲೀಸ್ ಕೇಸಿನ ಭಯದಿಂದ ಹಿಂಜರಿಯಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ, ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಬೇಕೆಂಬ ಒತ್ತಾಯವೂ ಇಲ್ಲ.

ಬಳಗದಲ್ಲಿ ಮುಂದೆ ಹೋಗುವ ಲೀಡ್‌ಗೆ ಇರುವ ಗೌರವ ಕೊನೆಯಲ್ಲಿ ಬರುವ ಸ್ವೀಪ್‌ಗೆ ಇರುವುದಿಲ್ಲ. ಇದು ತಿರುಗಬೇಕು. ಎಲ್ಲರಿಗಿಂತ ಅನುಭವಿ, ಎಲ್ಲರಿಗಿಂತ ತಾಳ್ಮೆಯವನು ಹಿಂದೆ ಇರಲಿ, ಔಷಧದ ಚೀಲ ಅವನ ಬೆನ್ನಿಗಿರಲಿ. ಕವಲು ದಾರಿಯಲ್ಲಿ ಪ್ರತಿಯೊಬ್ಬನೂ ತನ್ನ ಹಿಂದಿನವನು ಕಣ್ಣಿಗೆ ಬೀಳುವತನಕ ನಿಲ್ಲಲಿ. ಇಷ್ಟನ್ನು ಪಾಲಿಸಿದರೆ ಬಿದ್ದವನು ಕಂದರದಲ್ಲಿ ಒಬ್ಬನೇ ಗಂಟೆಗಟ್ಟಲೆ ಬಿದ್ದಿರುವ ಪ್ರಸಂಗ ಬರುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಒಬ್ಬ ಹುಡುಗ ಭಾನುವಾರ ಸಂಜೆ ಬೈಕ್ ತೊಳೆಯುತ್ತಾನೆ. ಚೈನಿಗೆ ಅಂಟಿದ ಕೆಂಪು ಮಣ್ಣನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಾನೆ. ಮೊಣಕಾಲಿನ ಗಾರ್ಡ್ ಬಿಚ್ಚಿ ಗೇಟಿನ ಕಂಬಿಗೆ ಒಣಹಾಕುತ್ತಾನೆ. ಅಚ್ಚುಕಟ್ಟಿನ ಹುಡುಗ. ಒಂದು ಸಂಜೆ ಅವನು ಬ್ರಷ್ ಹಿಡಿದೇ ಫೋನೆತ್ತಿಕೊಂಡು, 'ಎಲ್ಲೂ ಹೋಗ್ಲಿಲ್ಲ ಅಮ್ಮ, ರೂಮಲ್ಲೇ ಇದ್ದೆ, ಬಟ್ಟೆ ಒಗೀತಿದೀನಿ' ಎಂದ. ಅಮ್ಮ ಹೆದರುತ್ತಾಳೆಂದೇ ಆ ಸುಳ್ಳು, ಪ್ರೀತಿಯಿಂದಲೇ ಹೇಳಿದ್ದು. ಆದರೆ ಯೋಚಿಸಿ, ಏನಾದರೂ ಆದರೆ ಆ ತಾಯಿಗೆ ಎರಡು ಆಘಾತ. ಮಗ ಹೋದದ್ದು ಒಂದು, ಅವನ ಬದುಕಿನ ಅರ್ಧ ತನಗೆ ಗೊತ್ತೇ ಇರಲಿಲ್ಲ ಎಂಬುದು ಇನ್ನೊಂದು. ಅಮ್ಮನಿಗೆ ಹೇಳಲಾಗದಿದ್ದರೆ ಅಣ್ಣನಿಗೆ ಹೇಳಿ, ಅಕ್ಕನಿಗೆ ಹೇಳಿ. ಯಾವ ದಾರಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂದು ಮನೆಯಲ್ಲಿ ಒಬ್ಬರಿಗಾದರೂ ನಿಜ ಗೊತ್ತಿರಲಿ.

ಸಾವಿನ ನಂತರದ ಅತಿ ಕಷ್ಟದ ಕೆಲಸವೆಂದರೆ ಹೇಗಾಯಿತೆಂದು ಬಾಯಿಬಿಟ್ಟು ಹೇಳುವುದು. ಹೋದವನ ಮರ್ಯಾದೆ ಕಾಯುತ್ತೇವೆಂದು ಬಳಗ ಮೌನ ತಾಳುತ್ತದೆ. ಟೈರ್ ಸವೆದಿತ್ತೇ, ಹಿಂದಿನ ರಾತ್ರಿ ನಿದ್ದೆಯಿರಲಿಲ್ಲವೇ, ಹೊಸಬನನ್ನು ಅವನಿಗೆ ಮೀರಿದ ಇಳಿಜಾರಿಗೆ ಕರೆದೊಯ್ದಿದ್ದರೇ, ಬೇಡ ಎಂದವನನ್ನು ಯಾರಾದರೂ ಹಂಗಿಸಿದ್ದರೇ? ಕುಳಿತು ಮಾತಾಡಿ. ತಪ್ಪಿತಸ್ಥನನ್ನು ಹುಡುಕಿ ಹೊಡೆಯಲು ಅಲ್ಲ, ಮುಂದಿನವನು ಅದೇ ಜಾಗದಲ್ಲಿ ಬೀಳದಿರಲು. ಮೋಟಾರ್‌ಸ್ಪೋರ್ಟ್ ಬದಲಾದದ್ದೇ ಹೀಗೆ. 2021ರಿಂದ ಡಕಾರ್‌ನಲ್ಲಿ ಬೈಕ್ ಸವಾರರಿಗೆ ಗಾಳಿಚೀಲದ ಜಾಕೆಟ್ ಕಡ್ಡಾಯವಾಯಿತು. ಹೆಲ್ಮೆಟ್ ಕ್ಯಾಮೆರಾದಲ್ಲಿ ಬಿದ್ದ ಕ್ಷಣ ದಾಖಲಾಗಿದ್ದರೆ ಅದು ಮನೆಯವರಿಗೆ, ಪೊಲೀಸರಿಗೆ ಸೇರಿದ್ದು. ಅದನ್ನು ಗ್ರೂಪಿನಿಂದ ಗ್ರೂಪಿಗೆ ಹಂಚುವವನನ್ನು ಬಳಗದಿಂದ ಹೊರಗಿಡಿ, ಮುಲಾಜು ನೋಡಬೇಡಿ.

ಅನುಮತಿಯ ವಿಷಯವನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ವಾಗಮಣ್‌ನ ಚಹಾ ತೋಟದಲ್ಲಿ ನಡೆದ ಆಫ್‌ರೋಡ್ ಕೂಟದ ಮೇಲೆ ಕೇಸಾಯಿತು, ಹೆಸರಾಂತ ಸಿನಿಮಾ ನಟರೊಬ್ಬರೂ ಅದರಲ್ಲಿ ಸಿಕ್ಕಿಕೊಂಡರು. ಅಪಘಾತಗಳ ಕಾರಣಕ್ಕೆ ಇಡುಕ್ಕಿ ಜಿಲ್ಲಾಡಳಿತ ಇಂಥ ಕೂಟಗಳಿಗೆ ಮೊದಲೇ ನಿರ್ಬಂಧ ಹೇರಿತ್ತು. ಕದ್ದು ನಡೆಸುವ ಕೂಟದಲ್ಲಿ ಆಂಬ್ಯುಲೆನ್ಸ್ ಇರುವುದಿಲ್ಲ, ಏನಾದರೂ ಆದಾಗ ಕರೆ ಮಾಡಲೂ ಕೈ ನಡುಗುತ್ತದೆ; ನನ್ನ ಆತಂಕ ದಂಡದ ಹಣದ್ದಲ್ಲ, ಆ ನಡುಗುವ ಕೈಯದು. ಕಾಡಿನೊಳಕ್ಕಂತೂ ಹೋಗಲೇಬೇಡಿ. ಅದು ಆನೆಯ ಮನೆ. ಕಲಿಯುವ ಆಸೆಯಿದ್ದರೆ ಕಲಿಯಲು ಜಾಗವಿದೆ. ಸಂತೋಷ್ ಕೋಲಾರದ ಬಳಿ ಇದಕ್ಕೆಂದೇ ತರಬೇತಿ ಕೇಂದ್ರ ಕಟ್ಟಿದ್ದಾರೆ. ಸ್ಪರ್ಧೆಯ ಆಸೆಯಿದ್ದರೆ ಮೋಟಾರ್‌ಸ್ಪೋರ್ಟ್ ಒಕ್ಕೂಟದ ಮಾನ್ಯತೆಯಿರುವ ಕೂಟಕ್ಕೆ ಲೈಸೆನ್ಸ್ ಪಡೆದು ಹೋಗಿ.

ಇದರ ಜೊತೆಗೆ ವಿಮೆ. ಕಡ್ಡಾಯದ ವೈಯಕ್ತಿಕ ಅಪಘಾತ ವಿಮೆಯ ಮೊತ್ತ 15 ಲಕ್ಷ ಎಂದು ಎಲ್ಲರಿಗೂ ಗೊತ್ತು. ಸಾಮಾನ್ಯ ವಾಹನ ವಿಮೆಯಲ್ಲಿ ರೇಸ್, ವೇಗದ ಪರೀಕ್ಷೆ ಇವೆಲ್ಲ ಹೊರಗಿಟ್ಟ ಸಂಗತಿಗಳೆಂಬುದು ಗೊತ್ತಿರುವವರು ಕಡಿಮೆ. ನಿಮ್ಮ ಪಾಲಿಸಿ ತೆಗೆದು ಓದಿ, ಬೇಕಾದರೆ ಸಾಹಸ ಕ್ರೀಡೆಗೆ ಅನ್ವಯಿಸುವ ಬೇರೆ ಪಾಲಿಸಿ ಮಾಡಿಸಿ. ಊರಿನಲ್ಲಿ ತೋಟದ ಸಾಲವೋ ತಂಗಿಯ ಓದೋ ನಿಮ್ಮ ಸಂಬಳವನ್ನು ನಂಬಿಕೊಂಡಿದ್ದರೆ ಇದನ್ನು ನಾಳೆಗೆ ತಳ್ಳಬೇಡಿ.

ಗೊನ್ಸಾಲ್ವೆಸ್ ಹೋದ ಮರುವರ್ಷ, 2021ರ ಜನವರಿ 6ರಂದು, ಡಕಾರ್‌ನ ನಾಲ್ಕನೇ ಹಂತದಲ್ಲಿ ಸಂತೋಷ್ ಬಿದ್ದರು. ತಲೆಗೆ ಪೆಟ್ಟಾಗಿತ್ತು. ರಿಯಾದ್ ಆಸ್ಪತ್ರೆಯಲ್ಲಿ ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿ ಇರಿಸಿದರು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ, ಇಲ್ಲಿ ಕೊಚ್ಚಿಯಲ್ಲಿ, ಬೈಕ್ ಓಡಿಸುವವರೆಲ್ಲ ಒಬ್ಬರಿಗೊಬ್ಬರು ಕೇಳುತ್ತಿದ್ದುದು ಒಂದೇ, ಕಣ್ಣು ಬಿಟ್ಟರಂತಾ? ಅವರು ಕಣ್ಣು ಬಿಟ್ಟರು, ಬೆಂಗಳೂರಿಗೆ ಮರಳಿದರು, ನಿಧಾನವಾಗಿ ಚೇತರಿಸಿಕೊಂಡರು. 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯ ಅವರು. ಅಂಥ ತರಬೇತಿ, ಅಂಥ ಜಾಕೆಟ್, ಅಂಥ ವೈದ್ಯರಿದ್ದವರಿಗೇ ಹಾಗಾಯಿತು ಎಂದರೆ ನೀವು ಜೀನ್ಸ್ ತೊಟ್ಟು ಗುಡ್ಡ ಹತ್ತುವ ಮೊದಲು ಒಂದು ಕ್ಷಣ ತಡೆಯಬೇಕಲ್ಲವೇ?

ಗೆಳೆಯ ಹೋದ ಮೇಲೆ ಮತ್ತೆ ಬೈಕ್ ಹತ್ತಬೇಕೇ ಬೇಡವೇ ಎಂದು ಯಾರೂ ಯಾರಿಗೂ ಹೇಳಿಕೊಡಬೇಡಿ. ಹೀರೋ ತಂಡದಲ್ಲೇ ಗೊನ್ಸಾಲ್ವೆಸ್ ಅವರ ಭಾವಮೈದುನ ಜೋಕಿಮ್ ರೋಡ್ರಿಗಸ್ ಇದ್ದರು. ಅವರು ಮತ್ತೆ ಹತ್ತಿದರು, 2022ರಲ್ಲಿ ಮೂರನೇ ಹಂತ ಗೆದ್ದರು. ಡಕಾರ್‌ನಲ್ಲಿ ಭಾರತದ ಕಂಪನಿಯೊಂದಕ್ಕೆ ಅದೇ ಮೊದಲ ಹಂತ ವಿಜಯ. ಶೊರನೂರಿನ ಹರಿತ್ ನೋವಾ 2024ರಲ್ಲಿ ರ್‍ಯಾಲಿ 2 ವಿಭಾಗವನ್ನೇ ಗೆದ್ದು ಒಟ್ಟಾರೆ 11ನೆಯವರಾದರು. ಮರುವರ್ಷ ಆರಂಭದಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಹಿಂದೆ ಸರಿದರು. ಹಾಗೆ ಸರಿದದ್ದು ಅವರಿಗೆ ಕುಂದಲ್ಲ. ನಿಮ್ಮಲ್ಲಿಯೂ ಒಬ್ಬ ತಿಂಗಳಿಗೇ ಮರಳಬಹುದು, ಒಬ್ಬ ಬೈಕ್ ಮಾರಬಹುದು, ಒಬ್ಬನಿಗೆ ರಾತ್ರಿ ಗೆಳೆಯ ಬಿದ್ದ ಸದ್ದು ಮತ್ತೆ ಮತ್ತೆ ಕೇಳಬಹುದು. ಪಕ್ಕದಲ್ಲಿದ್ದು ಕಂಡವನ ಮೇಲೆ ವಿಶೇಷ ನಿಗಾ ಇರಲಿ. ನಾನೇ ಇನ್ನೂ ಬೇಗ ತಲುಪಬೇಕಿತ್ತು ಎಂದು ಅವನು ಒಳಗೊಳಗೇ ಸುಡುತ್ತಿರುತ್ತಾನೆ. ಅವನನ್ನು ಒಬ್ಬನೇ ರೂಮಿನಲ್ಲಿ ಬಿಡಬೇಡಿ, ನಿದ್ದೆಯೇ ಬಾರದಿದ್ದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಹೋದವನ ಮನೆಗೆ ಹೋಗಿ. ಐವತ್ತು ಬೈಕಿನಲ್ಲಿ ಅಲ್ಲ, ಬಸ್ಸಿನಲ್ಲೋ ರೈಲಿನಲ್ಲೋ ಇಬ್ಬರು ಮೂವರು. ಬೈಕಿನ ಸದ್ದು ಆ ಬಾಗಿಲಲ್ಲಿ ಕೇಳಬಾರದು. ಹನ್ನೆರಡನೇ ದಿನಕ್ಕೆ ಎಲ್ಲರೂ ಇರುತ್ತಾರೆ, ನೀವು ಮೂರನೇ ತಿಂಗಳು ಹೋಗಿ, ಯುಗಾದಿಗೆ ಹೋಗಿ. ಬ್ಯಾಂಕಿನ ಕಾಗದ, ವಿಮೆಯ ಅರ್ಜಿ, ಆಫೀಸಿನಿಂದ ಬರಬೇಕಾದ ಹಣ, ಪೊಲೀಸ್ ಠಾಣೆಯಲ್ಲಿ ನಿಂತ ಬೈಕ್, ಎಲ್ಲ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ವಯಸ್ಸಾದ ಅಪ್ಪ ಹಾಸನದಿಂದ ಬಂದು ಎರ್ನಾಕುಲಂನ ಕಚೇರಿಗಳಲ್ಲಿ ಅಲೆಯುವಂತಾಗಬಾರದು. ಅದನ್ನು ನಿಮ್ಮಲ್ಲಿ ಒಬ್ಬ ಹೊಣೆ ಹೊತ್ತು ಮುಗಿಸಿಕೊಡಿ. ಅಮ್ಮ ಕೇಳಿದರೆ ಕೊನೆಯ ಆ ಬೆಳಗಿನ ಕಥೆ ಹೇಳಿ, ಏನು ತಿಂದ, ಯಾವುದಕ್ಕೆ ನಕ್ಕ ಎಂದೆಲ್ಲ. ಕೇಳದಿದ್ದರೆ ಸುಮ್ಮನೆ ಕೂತು ಕೊಟ್ಟ ಕಾಫಿ ಕುಡಿದು ಬನ್ನಿ.

ವರ್ಷ ತುಂಬಿದ ದಿನ ಮೆರವಣಿಗೆ ಬೇಡ. ಅದೇ ದುಡ್ಡಿನಲ್ಲಿ ಪ್ರಥಮ ಚಿಕಿತ್ಸೆ ಹೇಳಿಕೊಡುವವರನ್ನು ಕರೆಸಿ, ನಿಮ್ಮ ಬಳಗವನ್ನಷ್ಟೇ ಅಲ್ಲ, ನೀವು ಹೋಗುವ ಗುಡ್ಡದ ಕೆಳಗೆ ಚಹಾ ಅಂಗಡಿ ಇಟ್ಟವರನ್ನು, ಜೀಪ್ ಓಡಿಸುವವರನ್ನು, ತೋಟದ ಕೆಲಸದವರನ್ನು ಕೂರಿಸಿ ಕಲಿಸಿ. ಬಿದ್ದಾಗ ಮೊದಲು ಓಡಿ ಬರುವವರು ಅವರೇ. ಅವರ ಫೋನ್ ನಂಬರುಗಳನ್ನು, ಹತ್ತಿರದ ಆಸ್ಪತ್ರೆಯ ಹೆಸರನ್ನು, ನಿಮ್ಮ ರಕ್ತದ ಗುಂಪನ್ನು ಒಂದು ಚೀಟಿಯಲ್ಲಿ ಬರೆದು ಜಾಕೆಟ್ಟಿನ ಎಡ ಜೇಬಿನಲ್ಲಿಡಿ. ಎಲ್ಲರೂ ಎಡ ಜೇಬಿನಲ್ಲೇ, ಹುಡುಕುವವನಿಗೆ ತಡವಾಗಬಾರದು. ಈ ಶನಿವಾರ ಹೊರಡುವವರಿದ್ದರೆ ಶುಕ್ರವಾರ ರಾತ್ರಿಯೇ ಬರೆದಿಟ್ಟುಕೊಳ್ಳಿ.